ಬರೀ ಬೇರು

ಹಗ್ಗದ ಮೇಲೆ ಒಂದು ಇರುವೆ ಹೊರಟಿದೆ, ದೋಣಿಯ ಅಂಚಿನಿಂದ ನೀರಿನ ಕಡೆಗೆ, ಅಲ್ಲಿ ಯಾರೋ ಊಟಕ್ಕೆ ಕರೆದಿದ್ದಾರೆ ಅನ್ನುವ ಹಾಗೆ, ಹದಿನಾಲ್ಕು, ಹದಿನೈದು, ಹೋಗು ತಾಯಿ ಹೋಗು, ಇನ್ನೊಂದು ಗೇಣು ಹೋದರೆ ನಿನಗೇ ಗೊತ್ತಾಗತ್ತೆ, ಹದಿನಾರು — ಮುಳುಗಿದವನ ಎಣಿಕೆ ತಪ್ಪಬಾರದು, ಎಣಿಕೆ ತಪ್ಪಿದ ಮೇಲೆ ಹಗ್ಗ ಹಿಡಿದರೂ ಒಂದೇ ಬಿಟ್ಟರೂ ಒಂದೇ — ಹದಿನೇಳು, ಅವಳು ಹಲಗೆಯ ಮೇಲೆ ಕಾಲು ಊರಿ ಕೂತು ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದಾಳೆ, ಇನ್ನೊಂದು ತುದಿ ಕೆಳಗೆ ಗಂಡನ ಸೊಂಟದಲ್ಲಿ, ಗಂಡನ ಬಲಗೈ ದಡದ ಜೇಡಿಮಣ್ಣಿನ ಬಿಲದಲ್ಲಿ, ಬಿಲದಲ್ಲಿ ಮೀಸೆಮೀನು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಬೇಸಿಗೆಯಲ್ಲಿ ಹೆಣ್ಣು ಬಂದು ಮೊಟ್ಟೆ ಇಟ್ಟು ಹೋಗತ್ತೆ, ಹಿಂದೆ ತಿರುಗಿ ನೋಡೋದಿಲ್ಲ, ಕಾಯೋದು ಗಂಡು, ಊಟ ತಿಂಡಿ ಬಿಟ್ಟು ಬಾಗಿಲಲ್ಲೇ ಕೂತಿರತ್ತೆ, ಏನೇ ಒಳಗೆ ಬರಲಿ ಬಾಯಿ ಹಾಕತ್ತೆ — ಆ ಬಾಯಿಗೆ ಕೈ ಕೊಡಬೇಕು, ಮಣಿಕಟ್ಟಿನ ತನಕ ನುಂಗಲಿ ಅಂತ ಬಿಡಬೇಕು, ಆಮೇಲೆ ಒಳಗಿಂದ ದವಡೆ ಹಿಡಿದು ಎಳೀಬೇಕು, ಇಷ್ಟೇ ಕಸುಬು, ಗಾಳ ಇಲ್ಲ ಬಲೆ ಇಲ್ಲ, ಇರೋದು ಕೈಯೊಂದೇ. ಕೇಳಿದವರೆಲ್ಲ ಅಬ್ಬಾ ಅಂತಾರೆ, ಅಬ್ಬಾ ಅನ್ನೋದಕ್ಕೇನಿದೆ, ಕೆಲವರು ವಿದ್ಯುತ್ ಕಂಬ ಹತ್ತುತ್ತಾರೆ, ಕೆಲವರು ಪರರ ಹಲ್ಲು ಕೀಳುತ್ತಾರೆ.

ಇಪ್ಪತ್ತೆರಡು. ಹೊಳೆ ಈ ಕಡೆಯಿಂದ ಆ ಕಡೆಗೆ ಅರ್ಧ ಮೈಲಿ ಇದೆ, ಆಚೆ ದಡದ ದನಗಳು ಉದುರಿಸಿದ ಕಾಳಿನಷ್ಟು ಕಾಣ್ತವೆ, ಇಷ್ಟು ದೊಡ್ಡ ಹೊಳೆಯಲ್ಲಿ ಹದಿನೆಂಟು ದಿನದಿಂದ ಒಂದೇ ಒಂದು ಮೀಸೆ ಕಣ್ಣಿಗೆ ಬಿದ್ದಿಲ್ಲ ಅಂದರೆ ಏನು ಹೇಳೋದು, ಹೋದ ಬೇಸಿಗೆಯಲ್ಲಿ ಇಷ್ಟು ಹೊತ್ತಿಗೆ ಹನ್ನೊಂದು ಹಿಡಿದಿದ್ದ, ಅದರಲ್ಲಿ ಒಂದು ಎಷ್ಟು ಉದ್ದ ಅಂದರೆ ದೋಣಿಯಲ್ಲಿ ತಲೆ ಅವಳ ಕಾಲ ಬಳಿ ಇದ್ದರೆ ಬಾಲ ಅವನ ಕಾಲ ಬಳಿ. ಈ ಸಲ ಇಳಿದಿದ್ದಕ್ಕೆಲ್ಲ ಒಂದೇ ಉತ್ತರ, ಬರೀ ಬೇರು. ದಡ ಕುಸೀಬಾರದು ಅಂತ ಯಾರೋ ಸಾಲಾಗಿ ಮರ ನೆಟ್ಟರಲ್ಲ, ಅವು ಬೆಳೆದು ಬಿಲದೊಳಗೆಲ್ಲ ಬೇರು ಇಳಿಸಿವೆ, ಕೈ ಹಾಕಿದರೆ ಬೇರೇ ಹಿಡಿದುಕೊಳ್ಳತ್ತೆ ಅಂತಾನೆ, ಇಪ್ಪತ್ತಾರು, ಸಾಲುಗಾಳ ಬಿಡುವ ಕೊಕ್ಕೆಯೂ ಅದನ್ನೇ ಹೇಳಿದ — ಕೊಕ್ಕೆ ಅನ್ನೋದು ಅವನ ಹೆಸರಲ್ಲ, ನಡು ಬಗ್ಗಿದ್ದಕ್ಕೆ ಬಂದದ್ದು, ಬುದ್ಧಿಯೂ ಕೊಂಚ ಹಾಗೇ — ಅಕ್ಕಾ, ದಡದ ಕಾಲ ಮುಗೀತು, ಇನ್ನೇನಿದ್ದರೂ ನಡುಹೊಳೆ, ಭಾವಂಗೆ ಹೇಳು, ದೋಣಿ ಕೊಡೋದಾದರೆ ನಾನಿದ್ದೀನಿ. ಕಣ್ಣೆಲ್ಲ ದೋಣಿ ಮೇಲೇ. ನಾಳೆಯೂ ಖಾಲಿ ಆದರೆ ಕೊಟ್ಟುಬಿಡ್ತೀನಿ ಅಂತ ನಿನ್ನೆ ಊಟಕ್ಕೆ ಕೂತಾಗ ಗಂಡ ಅಂದ, ತಟ್ಟೆಯಿಂದ ತಲೆ ಎತ್ತದೆ, ಮೈದುನ ಮಂಜುಗಡ್ಡೆ ಕಾರ್ಖಾನೆಯಲ್ಲಿ ಫಿಟ್ಟರು, ಗೇಟಿನ ಹತ್ತಿರ ಒಂದು ಕುರ್ಚಿ ಖಾಲಿ ಇದೆ, ಸಂಜೆಯೊಳಗೆ ಹೂಂ ಅನ್ನಬೇಕು ಇಲ್ಲ ಉಹೂಂ ಅನ್ನಬೇಕು. ಗೇಟಿನ ಕುರ್ಚಿ. ಬಂದ ಲಾರಿಗೆ ಗೇಟು ತೆಗೆಯೋದು, ಹೋದ ಲಾರಿಗೆ ಹಾಕೋದು, ಖಾಕಿ ಷರಟು, ಇವನು ಅದರಲ್ಲಿ ಹೇಗೆ ಕಾಣ್ತಾನೆ ಅಂತ ನೆನೆಸಿಕೊಂಡರೆ ಮೊದಲು ನಗು ಬರತ್ತೆ, ಆಮೇಲೆ ಬರೋದಿಲ್ಲ.

ಇಪ್ಪತ್ತೊಂಬತ್ತು, ಮೂವತ್ತು. ಅವಳ ಅಪ್ಪನ ಕೈಯಲ್ಲಿ ಯಾವಾಗಲೂ ಬಳೆ ಇರುತ್ತಿತ್ತು — ಹಾಗೇ ಅನ್ನುತ್ತಿದ್ದರು ಮನೆಯಲ್ಲಿ, ಬಳೆ ಅಂತ — ಮೀಸೆಮೀನಿನ ಹಲ್ಲು ಹಲ್ಲಲ್ಲ, ಅರ, ಬಡಗಿಯ ಅರ ಇರತ್ತಲ್ಲ ಅದರ ಹಾಗೆ ಒರಟು, ಕಚ್ಚಿದರೆ ತೂತಾಗೋದಿಲ್ಲ, ಚರ್ಮ ಉಜ್ಜಿ ಹೋಗತ್ತೆ, ಮಣಿಕಟ್ಟಿನ ಸುತ್ತ ಎರಡು ಬೆರಳಗಲ, ಸಣ್ಣ ಸಣ್ಣ ಚುಕ್ಕೆ, ಮೊದಲು ಬಿಳಿ ಆಮೇಲೆ ಕೆಂಪು. ಅಪ್ಪ ಮೆಟ್ಟಿಲು ಹತ್ತುವಾಗಲೇ ಅವಳೂ ತಂಗಿಯೂ ಓಡಿ ಹೋಗಿ ಕೈ ನೋಡುತ್ತಿದ್ದರು, ಚೀಲ ನೋಡುತ್ತಿರಲಿಲ್ಲ, ಕೈಯಲ್ಲಿ ಬಳೆ ಇದ್ದರೆ ಚೀಲದಲ್ಲಿ ಮೀನು ಇದ್ದೇ ಇರುತ್ತಿತ್ತು, ಕೈ ಬರಿದಾಗಿದ್ದರೆ ಅವ್ವನ ಮುಖ ನೋಡದೆ ಒಳಗೆ ಹೋಗಿಬಿಡುತ್ತಿದ್ದರು. ಮೂವತ್ತಮೂರು. ಅದೇ ಅಪ್ಪನ ಹತ್ತಿರ ಕೆಲಸ ಕಲಿಯೋಕೆ ಬಂದವನು ಇವನು, ಕಲಿತದ್ದೂ ಆಯಿತು, ಮಗಳನ್ನು ಕಟ್ಟಿಕೊಂಡದ್ದೂ ಆಯಿತು, ಹಗ್ಗ ಅವ್ವನ ಕೈಯಿಂದ ಅವಳ ಕೈಗೆ ಬಂತು, ಹಗ್ಗದ ಜೊತೆ ಕಟ್ಟಳೆಯೂ ಬಂತು: ಒಂದು ಸಲ ಜಗ್ಗಿದರೆ ಮೀನು, ಎರಡು ಸಲ ಜಗ್ಗಿದರೆ ಎಳಿ, ಹಗ್ಗ ಕಟ್ಟದೆ ಯಾರೂ ಇಳಿಯೋ ಹಾಗಿಲ್ಲ, ಮತ್ತೆ ಇಳಿದವನು ಮೇಲೆ ಬಂದು ಏನು ಹೇಳ್ತಾನೋ ಅದೇ ಮಾತು, ಖಾಲಿ ಅಂದರೆ ಖಾಲಿ, ಹಗ್ಗ ಹಿಡಿದವರು ಸರಿಯಾಗಿ ನೋಡಿದೆಯಾ ಅಂತ ಕೇಳಬಾರದು. ದೊಡ್ಡಮ್ಮ ಕೇಳಿದ್ದಳು. ಒಂದೇ ಒಂದು ಸಲ, ಸರಿಯಾಗಿ ನೋಡಿದೆಯಾ ಅಂತ, ದೊಡ್ಡಪ್ಪನಿಗೆ ರೇಗಿತು, ಉಸಿರು ತುಂಬಿಕೊಳ್ಳದೆ ಮತ್ತೆ ಮುಳುಗಿದ, ಬಿಲದೊಳಗೆ ತೋಳು ಸಿಕ್ಕಿಕೊಂಡಿತು, ದೊಡ್ಡಮ್ಮ ಎಳೆದದ್ದೇ ಎಳೆದದ್ದು, ಅವಳ ಅಂಗೈಯ ಚರ್ಮ ಹಗ್ಗದಲ್ಲೇ ಉಳೀತು ಅಂತಾರೆ. ಆಮೇಲೆ ದೊಡ್ಡಮ್ಮ ಬದುಕಿದಷ್ಟು ದಿನ ಯಾರನ್ನೂ ಏನೂ ಕೇಳಲಿಲ್ಲ, ಉಪ್ಪು ಬೇಕಾ ಅಂತಲೂ ಕೇಳದೆ ಬಡಿಸುತ್ತಿದ್ದಳು.

ಮೂವತ್ತೇಳು, ಇರುವೆ ಎಲ್ಲಿ ಹೋಯಿತು, ಅಯ್ಯೋ ಪಾಪ, ಇಲ್ಲ, ಇಲ್ಲೇ ಇದೆ, ಹಗ್ಗದ ಕೆಳಮೈಗೆ ಇಳಿದು ವಾಪಸು ಬರ್ತಿದೆ, ಬುದ್ಧಿವಂತೆ. ತೋಳುಚೀಲ ಮರೆತದ್ದು ತನ್ನದೇ ತಪ್ಪು, ಒಪ್ಪಿಕೊಂಡಳಲ್ಲ, ಒಪ್ಪಿಕೊಂಡ ಮೇಲೂ ದೋಣಿ ಹತ್ತುವ ತನಕ ಗೊಣಗಿದ, ಚಳಿಗಾಲದಲ್ಲಿ ಕೈ ಒಡೆದು ಸೀಳು ಬಿಟ್ಟಿತ್ತು ಅಂತ ಅವಳೇ ಹಳೇ ಪ್ಯಾಂಟಿನ ಕಾಲು ಕತ್ತರಿಸಿ ಹೊಲಿದುಕೊಟ್ಟದ್ದು, ಬೆರಳು ಬಿಟ್ಟು ಮಣಿಕಟ್ಟಿನಿಂದ ಮೊಳಕೈ ತನಕ, ಎರಡು ಪದರ, ರಾತ್ರಿ ಒಗೆದು ಹಿತ್ತಲ ತಂತಿಗೆ ಹಾಕಿದವಳು ಬೆಳಿಗ್ಗೆ ಆ ಮುಚ್ಚಳದ ಗಲಾಟೆಯಲ್ಲಿ ಮರೆತಳು. ಮುಚ್ಚಳ — ಆಲೂಗಡ್ಡೆ ಬೇಯ್ತಿತ್ತು, ಆವಿ ತಟಪಟ ಅಂತಿತ್ತು, ಇವನು ಬಂದು ಬಟ್ಟೆ ಇಲ್ಲ ಏನಿಲ್ಲ ಬರಿಗೈಯಲ್ಲಿ ಮುಚ್ಚಳ ತೆಗೆದು, ಒಳಗೆ ಇಣುಕಿ, ಇನ್ನೂ ಬೆಂದಿಲ್ಲ ಅಂತ ಹೇಳಿ, ನಿಧಾನಕ್ಕೆ ಮುಚ್ಚಿಟ್ಟ. ಅವಳು ಕೈ ಕೈ ಅಂದಳು. ಏನು ಕೈ, ಅಂದ. ಸುಡಲಿಲ್ವಾ. ನಿನ್ನ ಗಂಡನ ಕೈ ಕಣೇ, ಹೊಳೆ ಪಳಗಿಸಿದ ಕೈ, ಅಂತ ನಕ್ಕ, ಅವಳಿಗೂ ಒಳಗೊಳಗೆ ಹೆಮ್ಮೆ ಆಗದೆ ಇರಲಿಲ್ಲ. ನಲವತ್ತು. ಚಳಿಗಾಲದಿಂದ ಮನುಷ್ಯ ಬದಲಾಗಿದ್ದಾನೆ ಅನ್ನೋದಂತೂ ನಿಜ, ಮೂವತ್ತು ವರ್ಷ ತನ್ನ ಗುಂಡಿ ತಾನೇ ಹಾಕಿಕೊಂಡವನು ಈಗ ಷರಟು ತೊಟ್ಟು ಬಂದು ಅವಳ ಮುಂದೆ ನಿಲ್ಲುತ್ತಾನೆ, ಹಾಕು ಅಂತ, ಅವಳು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಹಾಕುವಾಗ ತಲೆ ಮೇಲೆ ಅವನ ಉಸಿರು, ತಂಗಿಗೆ ಫೋನಿನಲ್ಲಿ ಹೇಳಿದಳು, ಈ ವಯಸ್ಸಿನಲ್ಲಿ ಇವನಿಗೆ ಪ್ರೀತಿ ಉಕ್ಕಿ ಬಂದಿದೆ ಕಣೇ, ತಂಗಿ ಬಿದ್ದು ಬಿದ್ದು ನಕ್ಕಳು, ನಗಲಿ, ಅವಳ ಗಂಡ ಯಾವತ್ತೂ —

ನಲವತ್ತೊಂದು, ಹಗ್ಗ ಜಗ್ಗಿತು. ಒಂದು ಸಲವೂ ಅಲ್ಲ ಎರಡು ಸಲವೂ ಅಲ್ಲ, ಅಡ್ಡಡ್ಡ, ಜೋರಾಗಿ, ದೋಣಿಯ ಮೂತಿ ದಡದ ಕಡೆ ತಿರುಗುವಷ್ಟು, ಅವಳು ಕಾಲು ಒತ್ತಿ ಹಿಡಿದಳು, ಮತ್ತೆ ಒಂದು ಕುಲುಕು, ಮತ್ತೆ ಸಡಿಲ. ಇದು ಸಂಜ್ಞೆ ಅಲ್ಲ. ಸಂಜ್ಞೆ ಅಲ್ಲದ್ದಕ್ಕೆ ಎಳೀಬಾರದು, ನಲವತ್ತೈದು, ನೀರಿನ ಮೇಲೆ ಕೆಸರು ಒಂದು ಮೋಡದಷ್ಟು ಎದ್ದು ಬಂತು, ಗುಳ್ಳೆ ಬಂದವು, ಐವತ್ತು, ಮೊದಲೆಲ್ಲ ತೊಂಬತ್ತರ ತನಕ ಇರುತ್ತಿದ್ದ, ಈಗ ಅರವತ್ತಕ್ಕೆ ಸುಸ್ತು, ಐವತ್ತಾರು, ಬಾ ಬಾ ಸಾಕು ಬಾ — ಬಂದ. ತಲೆ, ಮೂಗಿನಿಂದ ನೀರು, ಕಣ್ಣು ಮುಚ್ಚಿಕೊಂಡೇ ಬಲಗೈ ಎತ್ತಿ ದೋಣಿಯ ಅಂಚು ಹಿಡಿದ, ಉಸಿರು ಎಳೆದುಕೊಂಡ. ಬೇರು, ಅಂದ. ಬೇರು ಸಿಕ್ಕಿಕೊಂಡಿತ್ತು, ಕಿತ್ತುಕೊಂಡು ಬರೋದರಲ್ಲಿ ಭುಜವೇ ಕಳಚಿ ಹೋಗತ್ತೆ ಅನ್ನಿಸ್ತು. ಮೀನು ಗೀನು ಏನಿಲ್ಲ. ಖಾಲಿ.

ದೋಣಿಯ ಅಂಚಿನ ಮೇಲೆ ಕೈ, ಕೈಯಲ್ಲಿ ಬಳೆ. ಮಣಿಕಟ್ಟಿನ ಸುತ್ತ, ಮೇಲೂ ಕೆಳಗೂ, ಎರಡು ಬೆರಳಗಲ, ಸಣ್ಣ ಸಣ್ಣ ಬಿಳಿ ಚುಕ್ಕೆ, ನೋಡುತ್ತಿದ್ದ ಹಾಗೇ ಒಂದೊಂದೂ ಕೆಂಪಾಯಿತು. ಅವಳು ಚಿಕ್ಕವಳಾಗಿ ಮೆಟ್ಟಿಲ ಮೇಲೆ ನಿಂತಳು, ಅಪ್ಪ ಬಂದ, ಬಳೆ ಇದೆ, ಹಾಗಾದರೆ ಮೀನಿದೆ — ಎಲ್ಲಿ ಮೀನು, ಕೈ ಖಾಲಿ, ಬೇರು ಅಂತಿದ್ದಾನಲ್ಲ, ಯಾವ ಬೇರಿಗೆ ಹಲ್ಲು ಬಂದಿದೆ, ಬೇರು ಗೀರತ್ತೆ, ಉದ್ದಕ್ಕೆ ಗೀರತ್ತೆ, ಸುತ್ತ ಬಳೆ ತೊಡಿಸೋದಿಲ್ಲ. ಮೀನು ಇವನ ಕೈ ನುಂಗಿತ್ತು. ಮಣಿಕಟ್ಟಿನ ತನಕ ನುಂಗಿ, ಕಚ್ಚಿ ಹಿಡಿದು, ಒದ್ದಾಡಿ, ದೋಣಿ ತಿರುಗುವಷ್ಟು ಎಳೆದಾಡಿ, ಬೆರಳು ದವಡೆ ಹಿಡಿಯಲಿಲ್ಲವಾದ್ದರಿಂದ ಬಿಟ್ಟು ಒಳಗೆ ಹೋಯಿತು, ಭುಜಕ್ಕೆ ಗೊತ್ತಾಯಿತು, ಕೈಗೆ ಗೊತ್ತಾಗಲಿಲ್ಲ. ಈಗಲೂ ಗೊತ್ತಿಲ್ಲ. ಕೈ ಅಲ್ಲೇ ಇದೆ, ಅವನು ಆ ಕಡೆ ಮುಖ ಮಾಡಿ ಉಗುಳ್ತಿದ್ದಾನೆ, ಕೈಯ ಕಡೆ ನೋಡ್ತಾನೂ ಇಲ್ಲ, ಉರಿದಿದ್ದರೆ ನೋಡ್ತಿದ್ದ, ಎಂಥಾ ಗಂಡಸಾದರೂ ಉರಿದ ಕಡೆ ಕಣ್ಣು ಹೋಗತ್ತೆ. ಮುಚ್ಚಳ. ಅಯ್ಯೋ ಮುಚ್ಚಳ. ಗುಂಡಿ — ಪ್ರೀತಿ ಅಂತೆ ಪ್ರೀತಿ, ಬೆರಳಿಗೆ ಗುಂಡಿ ಸಿಗ್ತಿರಲಿಲ್ಲ, ಬೀಗದ ಕೈ ಬಿದ್ದರೆ ಬಿದ್ದದ್ದೇ ತಿಳೀತಿರಲಿಲ್ಲ, ನಾನು ಮುದುಕಿ ನಾಚಿಕೊಂಡು ತಂಗಿಗೆ ಫೋನು ಮಾಡಿದೆ. ಮೂರು ವರ್ಷದ ಹಿಂದೆ ಡಾಕ್ಟರು ಸಕ್ಕರೆ ಇದೆ, ಮಾತ್ರೆ ಬಿಡಬೇಡಿ ಅಂದಿದ್ದರು, ಬಿಟ್ಟ, ನಾನೂ ಹೇಳೋದು ಬಿಟ್ಟೆ. ಮತ್ತೆ ತೋಳುಚೀಲ, ದೇವರೇ, ತೋಳುಚೀಲ, ಮಣಿಕಟ್ಟಿನ ಹತ್ತಿರ ಎಳೆ ಎಳೆ ಎದ್ದು ಬರ್ತಿತ್ತು, ಸುತ್ತಲೂ, ಬೇರೆಲ್ಲೂ ಅಲ್ಲ, ಸರಿಯಾಗಿ ಅಲ್ಲೇ, ಮೂರು ಸಲ ಕೂತು ಹೊಲಿದಳು, ಮೊದಲು ಕರೀ ದಾರದಲ್ಲಿ, ದಾರ ಮುಗಿದ ಮೇಲೆ ನೀಲಿಯಲ್ಲಿ, ಬೇರಿಗೆ ಅಷ್ಟು ಉಜ್ಜಬೇಡ ಅಂತ ಬೈದುಕೊಂಡೇ ಹೊಲಿದಳು. ಹದಿನೆಂಟು ದಿನ. ಹೊಳೆ ಖಾಲಿ ಆಗಿರಲಿಲ್ಲ. ಮೀನು ಇದ್ದವು, ಕಚ್ಚುತ್ತಲೂ ಇದ್ದವು, ಅದರ ಗುರುತನ್ನೆಲ್ಲ ನಾನು ಸೂಜಿ ಹಿಡಿದು ಮುಚ್ಚುತ್ತಾ ಬಂದೆ.

ಟವೆಲ್ಲು ಕೊಡು, ಅಂದ. ಅವಳು ಕೊಡಲಿಲ್ಲ, ಬಗ್ಗಿ ತಾನೇ ಮುಖ ಒರೆಸಿದಳು, ಕತ್ತು ಒರೆಸಿದಳು, ಆಮೇಲೆ ಮಣಿಕಟ್ಟಿಗೆ ಸುತ್ತಿ ಹಾಗೇ ಹಿಡಿದುಕೊಂಡಳು, ಯಾಕೆ ಅಂತ ಅವಳಿಗೇ ಗೊತ್ತಿಲ್ಲ, ಅವನ ಕಣ್ಣಿಗೆ ಬೀಳಬಾರದು ಅಂತ ಅನ್ನಿಸಿತು, ಅಷ್ಟೇ. ಅವನು ದೋಣಿಗೆ ಒರಗಿ ನೀರಿನಲ್ಲೇ ನಿಂತು ಮಾತಾಡ್ತಿದ್ದಾನೆ, ಮುಖ ಹಗುರಾಗಿದೆ, ಎಷ್ಟೋ ದಿನದ ಮೇಲೆ ಹಗುರಾಗಿದೆ, ಕೊಕ್ಕೆ ಹೇಳಿದ್ದೇ ಸರಿ ಕಣೇ, ದಡ ಮುಗೀತು, ಹೊಳೇನೇ ಕೈ ಬಿಟ್ಟ ಮೇಲೆ ನಾವೇನು ಮಾಡೋಕಾಗತ್ತೆ, ಇವತ್ತು ಸಂಜೆ ತಮ್ಮಂಗೆ ಹೂಂ ಅಂತೀನಿ, ಕುರ್ಚಿ ಮೇಲೆ ಕೂತು ಸಂಬಳ ತಗೊಳೋ ಯೋಗ ನಿಮ್ಮಪ್ಪಂಗೂ ಇರಲಿಲ್ಲ, ಅಂತ ನಗ್ತಾನೆ. ಹಾಗೇ ಇರಲಿ. ಹೊಳೆ ಮುಗೀತು ಅಂತಲೇ ಇರಲಿ, ಹೊಳೆ ಮುಗಿದು ಬಿಟ್ಟವನು ಎಲ್ಲರ ಮುಂದೆ ತಲೆ ಎತ್ತಿ ಹೇಳ್ತಾನೆ, ಕಾರ್ಖಾನೆ ಗೇಟಿನಲ್ಲಿ ಲಾರಿಯವರಿಗೆ ಹೇಳ್ತಾನೆ, ಒಂದು ಕಾಲದಲ್ಲಿ ಈ ಹೊಳೆಯಲ್ಲಿ ಅಂತ ಶುರು ಮಾಡ್ತಾನೆ, ಕೈ ಮುಗೀತು ಅಂತ ಗೊತ್ತಾದವನು ಏನು ಹೇಳ್ತಾನೆ, ಯಾರಿಗೆ ಹೇಳ್ತಾನೆ. ನಾನು ಬಾಯಿ ಬಿಡದಿದ್ದರೆ ಆಯಿತು. ಮನೆಗೆ ಹೋಗಿ ಮುಲಾಮು ಹಚ್ಚಿ, ಬೇರು ಗೀರಿದೆ ಅಂದರೆ ನಂಬ್ತಾನೆ, ಹಗ್ಗ ಹಿಡಿದವರಿಗೆ ಹೇಗೂ ಮಾತಿಲ್ಲ, ಮೂವತ್ತು ವರ್ಷ ಇಲ್ಲದ್ದು ಇವತ್ತೊಂದು ದಿನ ಯಾಕೆ. ಡಾಕ್ಟರ ಹತ್ತಿರ ಬೇರೆ ಏನಾದರೂ ನೆಪ ಹೇಳಿ ಕರೆದುಕೊಂಡು ಹೋದರಾಯಿತು. ಟವೆಲ್ಲು ತೇವವಾಯಿತು, ಹೊಳೆಯ ನೀರಿನ ತೇವ ತಣ್ಣಗಿರತ್ತೆ, ಇದು ಬೆಚ್ಚಗಿದೆ.

ಒಂದು ಬಾಕಿ ಇದೆ, ಅಂದ ಅವನು. ಅವಳು ಅವನ ಕಣ್ಣು ಹೋದ ಕಡೆ ನೋಡಿದಳು, ಬಂಡೆಯ ಕೆಳಗೆ, ನೀರು ಕಪ್ಪಗೆ ಸುತ್ತುವ ಕಡೆ, ದೊಡ್ಡಬಿಲ. ಅಪ್ಪ ವರ್ಷಕ್ಕೆ ಒಂದೇ ಸಲ ಇಳಿಯುತ್ತಿದ್ದ ಬಿಲ, ಭುಜದ ತನಕ ತೂರಿಸಬೇಕು, ಒಳಗೆ ತಿರುವಿದೆ, ತಿರುವಿನಲ್ಲಿ ಬೆರಳಿಂದಲೇ ದಾರಿ ನೋಡಿಕೊಂಡು ಹೋಗಬೇಕು, ಬೆರಳಿಂದಲೇ ದಾರಿ ನೋಡಿಕೊಂಡು ವಾಪಸು ಬರಬೇಕು. ದೊಡ್ಡಪ್ಪ ಇಳಿದದ್ದೂ ಅದಕ್ಕೇ. ಮೀನು ಸಿಗತ್ತೆ ಅಂತ ಅಲ್ಲ, ಅಂದ, ಹೋಗೋ ಮುಂಚೆ ಒಂದು ಸಲ ಕೈ ಹಾಕಿ ಬರ್ತೀನಿ, ಹೇಳಿ ಹೋದ ಹಾಗಾಗತ್ತೆ, ಹಗ್ಗ ಸಡಿಲ ಬಿಡು. ಬೇಡ ಅಂದರೆ ಯಾಕೆ ಅಂತಾನೆ. ಮೈ ಸರಿ ಇಲ್ಲ ಅಂದರೆ ದೋಣಿಯಲ್ಲಿ ಮಲಗು, ಐದು ನಿಮಿಷ ಅಂತಾನೆ. ಕೈ ನೋಡು ಅಂದರೆ — ಅಂದರೆ ರೇಗತ್ತೆ, ಇಲ್ಲೇ, ಈಗ ಕೈ ಹಾಕಿ ಬಂದ ಬಿಲದಲ್ಲೇ ಮೀನಿದೆ ಅಂತ ಗೊತ್ತಾಗತ್ತೆ, ಉಸಿರು ತುಂಬಿಕೊಳ್ಳದೆ ಮುಳುಗ್ತಾನೆ, ದೊಡ್ಡಮ್ಮ, ದೊಡ್ಡಮ್ಮನ ಅಂಗೈ. ಹೇಳಿದರೂ ಹೋಗ್ತಾನೆ, ಹೇಳದಿದ್ದರೂ ಹೋಗ್ತಾನೆ. ಅವಳಿಗೆ ಭಯ ಹತ್ತಿತು, ಆದರೂ ತಲೆ ಒಂದು ಮೂಲೆಯಲ್ಲಿ ತಣ್ಣಗೆ ಕೆಲಸ ಮಾಡ್ತಿತ್ತು, ಅಪ್ಪ ಕಲಿಸಿದ ತಲೆ, ಹಗ್ಗ ಕಟ್ಟದೆ ಯಾರೂ ಇಳಿಯೋ ಹಾಗಿಲ್ಲ, ಇವನು ಎಷ್ಟೇ ರೇಗಿದರೂ ಅದೊಂದು ಮುರಿಯೋದಿಲ್ಲ, ಆ ಕಟ್ಟಳೆ ಇವನಿಗೂ ಅಪ್ಪನೇ ಕಲಿಸಿದ್ದು, ಗಂಟು ಹಾಕೋದು ಇಳಿಯುವವನಲ್ಲ, ಹಿಡಿದವಳು.

ಇರು, ಗಂಟು ಸಡಿಲಾಗಿದೆ, ಅಂದಳು. ಬಲಗೈಯಲ್ಲಿ ಟವೆಲ್ಲು ಬಿಡದೆ, ಎಡಗೈಯನ್ನು ನೀರಿಗೆ ಇಳಿಸಿ ಅವನ ಸೊಂಟ ತಡವಿದಳು, ಗಂಟು ಸಡಿಲಾಗಿರಲಿಲ್ಲ, ಮೂವತ್ತು ವರ್ಷದಲ್ಲಿ ಅವಳು ಹಾಕಿದ ಗಂಟು ಒಂದು ದಿನವೂ ಸಡಿಲಾಗಿಲ್ಲ, ಉಗುರು ಹಾಕಿ ಬಿಚ್ಚಿದಳು, ಪೂರ್ತಿ ಬಿಚ್ಚಿದಳು, ಹಗ್ಗ ಎಳೆದು ದೋಣಿಯೊಳಗೆ ಹಾಕಿ ಅದರ ಮೇಲೆ ಕಾಲಿಟ್ಟಳು. ಏನೇ ಇದು, ಅಂದ ಅವನು, ಇನ್ನೂ ನಗುಮುಖದಲ್ಲೇ. ಇರುವೆ ಹಗ್ಗದ ಜೊತೆ ಒಳಗೆ ಬಂದು ಅವಳ ಹೆಬ್ಬೆರಳು ದಾಟ್ತಿತ್ತು. ಖಾಲಿ ಅಲ್ಲ, ಅಂದಳು. ಧ್ವನಿ ತನ್ನದಲ್ಲ ಅನ್ನಿಸಿತು, ಮತ್ತೊಂದು ಸಲ ಹೇಳಿದಳು, ಬಿಲ ಖಾಲಿ ಇರಲಿಲ್ಲ, ಅಂತ ಹೇಳಿ ಟವೆಲ್ಲು ಬಿಚ್ಚಿದಳು, ಟವೆಲ್ಲಿನ ಮೇಲೂ ಅದೇ ಗುರುತು ಸುತ್ತು ಸುತ್ತಾಗಿ ಇಳಿದಿತ್ತು.

ಅವನು ನೋಡಿದ. ಕೈ ತಿರುಗಿಸಿ ಕೆಳಗೂ ನೋಡಿದ. ರೇಗಲಿಲ್ಲ, ಹಗ್ಗ ಕೊಡು ಅನ್ನಲಿಲ್ಲ, ಏನಿದು ಅಂತಲೂ ಕೇಳಲಿಲ್ಲ, ಏನು ಅನ್ನೋದು ಅವನಿಗಿಂತ ಚೆನ್ನಾಗಿ ಈ ಹೊಳೆಯಲ್ಲಿ ಯಾರಿಗೆ ಗೊತ್ತು, ಎಡಗೈಯ ಹೆಬ್ಬೆರಳಿಂದ ಆ ಕೆಂಪನ್ನು ಮೆಲ್ಲಗೆ ಒತ್ತಿದ, ಇನ್ನೂ ಗಟ್ಟಿಯಾಗಿ ಒತ್ತಿದ, ಅವಳ ಹಲ್ಲು ಕಚ್ಚಿಕೊಂಡಿತು, ಅವನ ಮುಖದಲ್ಲಿ ಏನೂ ಆಗಲಿಲ್ಲ.

ಯಾವಾಗ ಆಯ್ತು ಇದು, ಅಂತ ಕೇಳಿದ.

ಅವಳಿಗೆ ಬಾಯಿ ತುಂಬ ಉತ್ತರ ಇತ್ತು, ಚಳಿಗಾಲದಿಂದ ಅನ್ನಬಹುದಿತ್ತು, ನಲವತ್ತೊಂದು ಎಣಿಸುವಾಗ ಅನ್ನಬಹುದಿತ್ತು, ನಾನು ಹೊಲಿಯುತ್ತಾ ಕೂತಾಗ ಅನ್ನಬಹುದಿತ್ತು, ಅಷ್ಟರಲ್ಲಿ ಅವನು ಕೈಯನ್ನು ನೀರಿಗೆ ಅದ್ದಿ ತೆಗೆದ, ಕೆಂಪು ಹೋಯಿತು, ಬಿಳಿ ಚುಕ್ಕೆಗಳು ಉಳಿದವು, ಒಂದೊಂದೇ ಮತ್ತೆ ಕೆಂಪಾದವು, ಮತ್ತೆ ಅದ್ದಿದ, ಮತ್ತೆ ತೆಗೆದ, ಮಣಿಕಟ್ಟು, ಅದರ ಸುತ್ತ ಎರಡು ಬೆರಳಗಲ, ಬಳೆ.